ಇನ್ನೊಂದು ಗೋಲು ಬ್ಯಾಡ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಈ ಮೂರು ಊರುಗಳ ನಡುವೆ ಎಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ ಫುಟ್‌ಬಾಲ್ ಲೀಗ್ ನಡೆಯಿತು ಎಂದು ಹೇಳಿದರೆ ಈಗಿನವರು ನಂಬುವುದಿಲ್ಲ. "ಕ್ರಿಕೆಟ್ ಇರಬೇಕ್ರಿ, ನೆನಪು ಮಾಡ್ಕೋರಿ" ಎಂದು ನನ್ನನ್ನೇ ತಿದ್ದುತ್ತಾರೆ. ತಿದ್ದಲಿ. ಆ ಲೀಗಿನ ಪಾಯಿಂಟ್ ಪಟ್ಟಿಯನ್ನು ವಾರವಾರ ಟೈಪ್ ಮಾಡಿ ಚಹಾದ ಹೋಟೆಲ್ಲಿನ ಗೋಡೆಗೆ ಅಂಟಿಸುತ್ತಿದ್ದವನು ನಾನು. ಆಡಿದವರಿಗಿಂತ ನನಗೇ ಅದು ಹೆಚ್ಚು ನೆನಪಿದೆ. ಮರೆಯಲು ಸಾಧ್ಯವಿದ್ದಿದ್ದರೆ ಎಂದೋ ಮರೆಯುತ್ತಿದ್ದೆ.

ನಾನಾಗ ಹಾವೇರಿಯ ವಕೀಲರೊಬ್ಬರ ಬಳಿ ಟೈಪಿಸ್ಟ್. ಆಟ ನನಗೆ ಬರುತ್ತಿರಲಿಲ್ಲ. ಚೆಂಡು ಕಾಲಿಗೆ ಬಂದರೆ ಆ ಕಾಲು ನನ್ನದಲ್ಲವೇನೋ ಎನ್ನುವಂತೆ ನಿಂತುಬಿಡುತ್ತಿದ್ದೆ. ಆದರೆ ಲೆಕ್ಕ ಬರುತ್ತಿತ್ತು, ಟೈಪ್ ಬರುತ್ತಿತ್ತು, ಹಾಗಾಗಿ ತಂಡದವರು ನನ್ನನ್ನು ಬಿಟ್ಟಿರಲಿಲ್ಲ. ಊರಿಗೆ ಎರಡರಂತೆ ಆರು ತಂಡ. ಗೆದ್ದರೆ ಎರಡು ಪಾಯಿಂಟ್, ಸಮವಾದರೆ ಒಂದು. ಕಾಗದದ ಮೇಲೆ ಹೆಸರಿನ ಕಾಲಂ ಇಕ್ಕಟ್ಟಾಗಿದ್ದರಿಂದ ಊರಿನ ಪೂರ್ತಿ ಹೆಸರು ಹಿಡಿಸುತ್ತಿರಲಿಲ್ಲ. ಹಾವೇರಿಗೆ 'ಹಾವೇ' ಎಂದೂ ರಾಣೇಬೆನ್ನೂರಿಗೆ 'ರಾಣೇ' ಎಂದೂ ಹೊಡೆಯುತ್ತಿದ್ದೆ. ಬ್ಯಾಡಗಿಗೆ 'ಬ್ಯಾಡ'.

ಹೋಟೆಲ್ಲಿನಲ್ಲಿ ಇದೇ ಒಂದು ಚೇಷ್ಟೆಯಾಯಿತು. "ಈ ವಾರ ಯಾರು ಮ್ಯಾಲದಾರ್ರಿ?" ಎಂದು ಒಬ್ಬ ಕೇಳುವುದು, "ಬ್ಯಾಡ" ಎಂದು ಇನ್ನೊಬ್ಬ ಹೇಳುವುದು, "ಬ್ಯಾಡಾದ್ರ ಬಿಡ್ರಿ" ಎಂದು ಮೊದಲಿನವನು ಮುಖ ತಿರುಗಿಸುವುದು. ಪ್ರತಿ ವಾರ ಅದೇ ಮಾತು, ಪ್ರತಿ ವಾರ ಅದೇ ನಗು. ಆ ಚೇಷ್ಟೆಗೆ ಮೂಲ ನಾನೇ ಎಂದು ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನಮ್ಮ ತಂಡದ ಕ್ಯಾಪ್ಟನ್ ನನ್ನ ಓಣಿಯವನೇ, ಒಂದೇ ವಾರಿಗೆಯವನು. ಅವನ ಮನೆಯಲ್ಲಿ ತಲೆಮಾರಿನಿಂದ ಏಲಕ್ಕಿ ಹಾರ ಕಟ್ಟುವ ಕೆಲಸ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ನಮ್ಮಂತೆಯೇ ಕನ್ನಡ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚಾಪೆಯ ಮೇಲೆ ಕುಳಿತು ಏಲಕ್ಕಿ ಪೋಣಿಸುತ್ತಿದ್ದ. ಮೂರು ಗಂಟೆಗೆ ಬೂಟು ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಬಂದರೆ ಅವನ ಮೈಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಅವನ ತಾಯಿಗೆ ಫುಟ್‌ಬಾಲ್ ಬಗ್ಗೆ ತಕರಾರಿರಲಿಲ್ಲ. "ಕಾಲು ಮುರಕೊಂಡ್ರ ಕುಂತು ಹಾರಾ ಕಟ್ತಾನ. ಕೈ ಮುರಕೊಳ್ಳೋ ಆಟ ಆಡಬ್ಯಾಡಂತ ಹೇಳಪಾ ನಿನ್ನ ದೋಸ್ತಗ" ಎಂದು ನನಗೆ ಹೇಳುತ್ತಿದ್ದಳು.

ಆ ವರ್ಷ ಹುಬ್ಬಳ್ಳಿಯ ಒಂದು ಕಾರ್ಖಾನೆಯವರು ಹೇಳಿಕಳಿಸಿದ್ದರು. ಅವರಿಗೆ ತಮ್ಮದೇ ತಂಡವಿತ್ತು. ಆಟಗಾರರಿಗೆ ನೌಕರಿ, ತಿಂಗಳ ಸಂಬಳ, ಕೆಲಸವೆಂದರೆ ಆಡುವುದೇ. ನಮ್ಮ ಲೀಗಿನಲ್ಲಿ ಗೆದ್ದ ತಂಡ ಹುಬ್ಬಳ್ಳಿಗೆ ಬಂದು ಅವರೊಡನೆ ಒಂದು ಮ್ಯಾಚ್ ಆಡಬೇಕು, ಅದರಲ್ಲಿ ಇಬ್ಬರನ್ನು ಆರಿಸಿಕೊಳ್ಳುತ್ತೇವೆ, ವಯಸ್ಸು ಇಪ್ಪತ್ತೈದರೊಳಗಿರಬೇಕು ಎಂಬುದು ಕರಾರು. ನಮ್ಮ ಕ್ಯಾಪ್ಟನ್ ಹುಟ್ಟಿದ್ದು ಕಾರಹುಣ್ಣಿಮೆಯ ಸುಮಾರಿಗೆ. ಬರುವ ಕಾರಹುಣ್ಣಿಮೆಗೆ ಇಪ್ಪತ್ತೈದು ತುಂಬುತ್ತಿತ್ತು. ಅಂದರೆ ಈ ವರ್ಷ, ಇಲ್ಲದಿದ್ದರೆ ಎಂದೂ ಇಲ್ಲ. ಅವನೊಬ್ಬನನ್ನಾದರೂ ಬಂದು ನೋಡಿ ಎಂದು ನಾನು ಒಂದೂ ತಪ್ಪಿಲ್ಲದೆ ಅರ್ಜಿ ಟೈಪ್ ಮಾಡಿ ಕಳಿಸಿದೆ. ಗೆದ್ದ ತಂಡವನ್ನು ಮಾತ್ರ ನೋಡುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು. ಮೂರು ಊರಿನಲ್ಲಿ ಅವನಂಥ ಆಟಗಾರ ಇರಲಿಲ್ಲ. ಅದನ್ನು ನೋಡಲು ಹುಬ್ಬಳ್ಳಿಯಿಂದ ಎರಡು ತಾಸಿನ ಬಸ್ಸು ಹತ್ತಲು ಅವರಿಗೆ ಆಗಲಿಲ್ಲ.

ಕೊನೆಯ ಭಾನುವಾರಕ್ಕೆ ಬರುವ ಹೊತ್ತಿಗೆ ಪಟ್ಟಿಯಲ್ಲಿ ಮೂರೂ ಊರಿನ ಮೊದಲ ತಂಡಗಳು ಮೇಲಿದ್ದವು. ಹಾವೇರಿಗೆ ಹದಿಮೂರು, ಬ್ಯಾಡಗಿಗೆ ಹದಿಮೂರು, ರಾಣೇಬೆನ್ನೂರಿಗೆ ಹನ್ನೆರಡು. ನಮ್ಮ ಕೊನೆಯ ಮ್ಯಾಚ್ ನಮ್ಮೂರಲ್ಲೇ, ರಾಣೇಬೆನ್ನೂರಿನ ಎರಡನೇ ತಂಡದ ಮೇಲೆ. ಅದೇ ಹೊತ್ತಿಗೆ ಬ್ಯಾಡಗಿಯವರು ರಾಣೇಬೆನ್ನೂರಿಗೆ ಹೋಗಿ ಅಲ್ಲಿನ ಮೊದಲ ತಂಡದ ಮೇಲೆ ಆಡಬೇಕು. ನಾವೂ ಗೆದ್ದು ಅವರೂ ಗೆದ್ದರೆ ಪಾಯಿಂಟ್ ಸಮ. ಆಗ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದು ಉಳಿದ ಅಂತರ ನೋಡಬೇಕು. ನಮ್ಮ ಅಂತರ ಹನ್ನೊಂದು, ಅವರದು ಹತ್ತು. ಒಂದೇ ಒಂದು ಗೋಲಿನಷ್ಟು ನಾವು ಮೇಲಿದ್ದೆವು. ಅಂತರವೂ ಸಮವಾದರೆ ಒಟ್ಟು ಹೆಚ್ಚು ಗೋಲು ಹೊಡೆದವರು ಗೆದ್ದಂತೆ, ಅದರಲ್ಲಿ ಬ್ಯಾಡಗಿಯವರೇ ಮುಂದು.

ಅವರು ಅಷ್ಟು ಗೋಲು ಹೊಡೆದದ್ದು ಹೇಗೆಂದು ಮೂರು ಊರಿಗೂ ಗೊತ್ತಿತ್ತು. ಅವರ ಮೈದಾನದ ಎರಡು ಮಗ್ಗುಲಲ್ಲೂ ಸುಗ್ಗಿಯಲ್ಲಿ ಮೆಣಸಿನಕಾಯಿ ಹರವಿರುತ್ತಿದ್ದರು. ಗಾಳಿ ಎದ್ದರೆ ಹೊರಗಿನಿಂದ ಹೋದ ತಂಡದ ಹನ್ನೊಂದು ಮಂದಿಯೂ ಸೀನುತ್ತಿದ್ದರು. ಗೋಲು ಕಾಯುವ ನಮ್ಮ ಗೋಲಿ ಅಲ್ಲಿ ಒಂದೇ ಮ್ಯಾಚಿನಲ್ಲಿ ಎರಡು ಗೋಲು ಸೀನುವಾಗಲೇ ಬಿಟ್ಟ. ರೆಫ್ರಿಗೆ ಹೇಳಿದರೆ, "ಸೀನಬಾರ್ದಂತ ರೂಲ್ಸ್ ಇಲ್ಲ, ಸೀನಿದ್ರ ಆಟ ನಿಲ್ಲಸಬೇಕಂತನೂ ಇಲ್ಲ" ಎಂದ. ಬ್ಯಾಡಗಿಯವರಿಗೆ ಆ ಘಾಟು ಹುಟ್ಟಿದಾಗಿನಿಂದ ರೂಢಿ.

ಆ ವಾರವೆಲ್ಲ ನನಗೆ ನೆಮ್ಮದಿಯಿಲ್ಲ. ದಾವೆಯ ಕಾಗದ ಟೈಪ್ ಮಾಡುವಾಗಲೂ ಕಂಡಕಂಡವರು ಬಂದು, ನಾವು ಗೆದ್ದು ಅವರು ಸಮವಾದರೆ ಹೇಗೆ, ಅವರು ಸೋತು ನಾವು ಸಮವಾದರೆ ಹೇಗೆ ಎಂದು ಕೇಳುವರು. ಬೇಸತ್ತು ಎಲ್ಲ ಸಾಧ್ಯತೆಗಳನ್ನೂ ಒಂದು ಹಾಳೆಯಲ್ಲಿ ಹೊಡೆದು ಹೋಟೆಲ್ಲಿಗೆ ಅಂಟಿಸಿದೆ. ಹೋಟೆಲ್ಲಿನ ಮಾಲೀಕ ಅದನ್ನು ಓದದೆಯೇ ಹೇಳಿದ, "ಗೆಲ್ಲೂದಾದ್ರ ಗೆದ್ದಬಿಡ್ರಿ. ನನ್ನ ಗ್ವಾಡಿ ತುಂಬ ಕಾಗದಾ ಹಚ್ಚಬ್ಯಾಡ್ರಿ."

ರಾಣೇಬೆನ್ನೂರಿನ ಸುದ್ದಿ ತಿಳಿಯುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೆ ನನ್ನ ಸೋದರಮಾವ ಒದಗಿದ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮ್ಯಾಚ್ ಅವನ ಶಾಲೆಯ ಮೈದಾನದಲ್ಲೇ, ಹೆಡ್‌ಮಾಸ್ತರರ ಕೋಣೆಯಲ್ಲಿ ಫೋನಿತ್ತು. ಇತ್ತ ನಮ್ಮ ಮೈದಾನಕ್ಕೂ ನಾನು ಕೆಲಸ ಮಾಡುತ್ತಿದ್ದ ವಕೀಲರ ಮನೆಗೂ ಒಂದೇ ಗೋಡೆ. ಅವರ ಆಫೀಸ್ ಕೋಣೆಯ ಫೋನಿನ ಬಳಿ ನಾನಿರಬೇಕು, ಅರ್ಧ ಆಟಕ್ಕೊಮ್ಮೆ, ಮುಗಿಯಲು ಹದಿನೈದು ನಿಮಿಷವಿರುವಾಗ ಇನ್ನೊಮ್ಮೆ ಮಾವ ಟ್ರಂಕ್ ಕಾಲ್ ಹಚ್ಚಬೇಕು ಎಂದು ಮಾತಾಯಿತು. ಮಾವನ ಬಾಯಲ್ಲಿ ಸದಾ ಎಲೆ, ಅಡಿಕೆ, ತಂಬಾಕು. ಅರ್ಧ ಮಾತು ಹೊರಗೆ ಬಂದರೆ ಅರ್ಧ ಒಳಗೇ ಉಳಿಯುತ್ತಿತ್ತು. "ಫೋನಿನ್ಯಾಗರ ಉಗುಳಿ ಮಾತಾಡು ಮಾಮಾ" ಎಂದು ಶನಿವಾರವೇ ಹೇಳಿದ್ದೆ. "ಹೂಂ ಅಂದೆಲ್ಲೋ" ಎಂದಿದ್ದ.

ಭಾನುವಾರ ನಾಲ್ಕಕ್ಕೆ ಆಟ ಶುರುವಾಯಿತು. ಅರ್ಧ ಆಟಕ್ಕೆ ನಮ್ಮವರದು ಎರಡು, ಎದುರಿನವರದು ಸೊನ್ನೆ. ಎರಡೂ ಕ್ಯಾಪ್ಟನ್ ಹೊಡೆದದ್ದು. ನಾನು ಗೋಡೆ ಹಾರಿ ವಕೀಲರ ಮನೆಗೆ ಓಡಿದೆ. ಹೇಳಿದ ಹೊತ್ತಿಗೆ ಫೋನು ಬಂತು. "ಬ್ಯಾಡಗಿ ಎರಡು, ನಮ್ಮವ್ರು ಸೊನ್ನಿ" ಎಂದ ಮಾವ, ಬಾಯಿ ಖಾಲಿ ಇದ್ದಂತೆ ಸ್ಪಷ್ಟವಾಗಿ. ಲೆಕ್ಕ ಹಾಗೆಯೇ ಉಳಿಯಿತು. ನಮ್ಮದು ಹದಿಮೂರು, ಅವರದು ಹನ್ನೆರಡು, ಇನ್ನೂ ಒಂದು ಗೋಲು ಮೇಲೆ.

ಎರಡನೆಯ ಅರ್ಧದಲ್ಲಿ ನಮ್ಮವರು ಗೋಲು ಹೊಡೆಯಲು ಮಾಡದ ಪ್ರಯತ್ನವಿಲ್ಲ. ಒಂದು ಚೆಂಡು ಕಂಬಕ್ಕೆ ಬಡಿಯಿತು, ಇನ್ನೊಂದನ್ನು ಎದುರಿನ ಗೋಲಿ ಎದೆಯಿಂದ ತಡೆದ. ಕ್ಯಾಪ್ಟನ್ ಬೆವರಿನಲ್ಲಿ ತೊಯ್ದು ಹೋಗಿದ್ದ. ಮೊಣಕಾಲಿನ ಹಳೆಯ ನೋವು ಎದ್ದು ಕುಂಟುತ್ತಿದ್ದರೂ ಮುಂದೆ ಮುಂದೆ ನುಗ್ಗುತ್ತಿದ್ದ. ನಾನು ಮತ್ತೆ ಗೋಡೆ ಹಾರಿ ಫೋನಿನ ಮುಂದೆ ನಿಂತೆ. ಈ ಸಲವೂ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿತು. ಗರಗರ ಸದ್ದು, ಹಿಂದೆ ಜನರ ಕೂಗು.

"ಮಾಮಾ, ಏನಾತು?"

"ಇನ್ನೊಂದು ಗೋಲ್ ಬ್ಯಾಡ..."

ಫೋನು ಅಲ್ಲಿಗೆ ಮುಗಿಯಿತು.

ನಾನು ಗೋಡೆ ಹಾರಿದ್ದೂ ಗೊತ್ತಿಲ್ಲ, ಮೊಣಕೈ ಕೆತ್ತಿಹೋದದ್ದೂ ಗೊತ್ತಿಲ್ಲ. ಗೆರೆಯ ಬಳಿ ನಿಂತು ಎರಡೂ ಕೈ ಎತ್ತಿ ಕೂಗಿದೆ, "ಇನ್ನೊಂದು ಗೋಲ್ ಬ್ಯಾಡಂತ. ಇದ್ದದ್ದು ಹಿಡಕೊಳ್ರಿ." ಕ್ಯಾಪ್ಟನ್ ಓಡುತ್ತಾ ಬಂದು ಕೇಳಿದ, "ಖರೇ?" ನಾನು ಹೇಳಿದೆ, "ಖರೇ. ಮಾಮಾ ಲೆಕ್ಕಾ ಹಾಕೇ ಹೇಳ್ಯಾನ." ಅವನು ಸೊಂಟಕ್ಕೆ ಕೈ ಕೊಟ್ಟು ಒಂದು ಉಸಿರು ಬಿಟ್ಟ. ಹಿಂದೆ ಸರಿಯಿರಿ ಎಂದು ತಂಡಕ್ಕೆಲ್ಲ ಸನ್ನೆ ಮಾಡಿದ.

ಆಮೇಲಿನ ಹದಿನೈದು ನಿಮಿಷ ನಮ್ಮವರು ಆಡಲಿಲ್ಲ. ಒಬ್ಬ ಇನ್ನೊಬ್ಬನಿಗೆ, ಅವನು ಗೋಲಿಗೆ, ಗೋಲಿ ಎತ್ತಿಕೊಂಡು ನೆಲಕ್ಕೆ ನಾಲ್ಕು ಸಲ ಪುಟಿಸಿ ಮತ್ತೆ ಮೊದಲಿನವನಿಗೆ. ಆಗ ಗೋಲಿ ಹಾಗೆ ಕೈಯಲ್ಲಿ ಹಿಡಿಯಬಹುದಿತ್ತು. ಎದುರಿನ ತಂಡದವರೂ ದಣಿದಿದ್ದರು, ಅವರಿಗೆ ಬೇಕಾದದ್ದೂ ಅದೇ. ನೋಡಲು ಬಂದವರು ಬೈದರು. "ಏ, ಚೆಂಡಿಗೆ ಹಾಲು ಕುಡಸಾಕತ್ತೀರೇನ್ರೋ" ಎಂದು ಯಾರೋ ಕೂಗಿದರು. ಏನೂ ತಿಳಿಯದ ಜನ ಎಂದುಕೊಂಡು ನಾನು ನಕ್ಕೆ.

ರೆಫ್ರಿ ಸೀಟಿ ಊದಿದ. ಕ್ಯಾಪ್ಟನ್ನನ್ನು ಹೆಗಲ ಮೇಲೆ ಎತ್ತಿದೆವು. ಅವನ ತಾಯಿ ಕಟ್ಟಿಟ್ಟಿದ್ದ ಏಲಕ್ಕಿ ಹಾರವನ್ನು ಅವನ ತಮ್ಮ ಚೀಲದಿಂದ ತೆಗೆದು ಅವನ ಕೊರಳಿಗೆ ಹಾಕಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಯಾರಿಗೂ ನೆನಪಾಗಲಿಲ್ಲ. ಹಾರ ಕಟ್ಟುವವನ ಕೊರಳಿಗೆ ಹಾರ ಬಿದ್ದದ್ದು ಅದೇ ಮೊದಲು. ನಾಚಿಕೊಂಡು ಅದನ್ನು ಹಿಡಿದು ನೋಡುತ್ತಿದ್ದ.

ಅರ್ಧ ತಾಸಿನ ಮೇಲೆ ವಕೀಲರ ಹೆಂಡತಿ ಗೋಡೆಯ ಆಚೆಯಿಂದ ನನ್ನನ್ನು ಕರೆದರು. "ನಿಮ್ಮ ಮಾಮಾರ ಫೋನ್ ಬಂದಿತ್ತು. ಬ್ಯಾಡಗಿ ಮೂರು, ರಾಣೇಬೆನ್ನೂರು ಸೊನ್ನಿ ಅಂತ ಹೇಳ್ರಿ ಅಂದ್ರು. ಭಾಳ ಹೊತ್ತಿನಿಂದ ಕಾಲ್ ಹಚ್ಚಾಕತ್ತಿದ್ರಂತ, ಲೈನ್ ಸಿಗಲಿಲ್ಲಂತ."

ಮಾವ ಹೇಳಿದ್ದು 'ಇನ್ನೊಂದು ಗೋಲ್ ಬ್ಯಾಡಗಿ'. ಬ್ಯಾಡಗಿಯವರು ಇನ್ನೊಂದು ಗೋಲು ಹೊಡೆದರು ಎಂದು. ಅಂತರ ಅವರದೂ ಹದಿಮೂರು, ನಮ್ಮದೂ ಹದಿಮೂರು. ಒಟ್ಟು ಗೋಲಿನಲ್ಲಿ ಅವರು ಮೇಲೆ. ನಮಗೆ ಇನ್ನೊಂದು ಗೋಲು ಬೇಕಾಗಿತ್ತು, ಅದಕ್ಕೆ ಹದಿನೈದು ನಿಮಿಷವೂ ಇತ್ತು.

ಎಲ್ಲರೂ ನನ್ನ ಸುತ್ತ ನಿಂತರು. "ನೀನ ಅಲ್ಲೇನೋ ಪಟ್ಟಿಯಾಗ ವರ್ಷಾನಗಟ್ಲೆ ಬ್ಯಾಡಗಿಗೆ ಬ್ಯಾಡ ಅಂತ ಬರದಾಂವ? ನಿನಗ ತಿಳೀಲಿಲ್ಲಾ?" ಎಂದು ಗೋಲಿ ಕೇಳಿದ. ನಾನು ಹೇಳಿದೆ, "ಮಾಮಾನ ಬಾಯಾಗ ಎಲಿ ಇತ್ತು. ಬ್ಯಾಡ ಅನ್ನೂದ್ರಾಗ ಲೈನ್ ಕಟ್ ಆತು." ಕ್ಯಾಪ್ಟನ್ ಹಾರ ತೆಗೆದು, ಏಲಕ್ಕಿಯಲ್ಲೇ ಕಟ್ಟಿದ ಹೂವಿನ ಎಸಳು ಮುರಿಯದಂತೆ ಮಡಚಿ ಚೀಲದಲ್ಲಿಟ್ಟ. ಅದು ಮಾರನೆಯ ದಿನ ಪ್ರವಾಸಿ ಮಂದಿರಕ್ಕೆ ಬಂದ ಯಾವುದೋ ಪುಢಾರಿಯ ಕೊರಳಿಗೆ ಹೋಯಿತು.

ಬ್ಯಾಡಗಿಯವರು ಹುಬ್ಬಳ್ಳಿಗೆ ಹೋದರು. ಅವರಲ್ಲಿ ಇಬ್ಬರಿಗೆ ನೌಕರಿಯಾಯಿತು. ಕಾರಹುಣ್ಣಿಮೆ ಬಂತು, ಹೋಯಿತು. ಕ್ಯಾಪ್ಟನ್ ಬೂಟನ್ನು ತಮ್ಮನಿಗೆ ಕೊಟ್ಟು ಇಡೀ ದಿನ ಚಾಪೆಯ ಮೇಲೆ ಕೂಡತೊಡಗಿದ. ಮರುವರ್ಷ ಲೀಗೂ ನಿಂತಿತು. ನನ್ನ ಮೇಲೆ ಅವನು ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ಮಾವನ ಮೇಲೆ. "ಆ ಮನಶ್ಯಾ ಒಂದ ನಿಮಿಷ ಎಲಿ ಉಗುಳಿದ್ರ ನನ್ನ ಜನ್ಮಾ ಬ್ಯಾರೆ ಆಗತಿತ್ತು" ಎಂದು ಎಷ್ಟು ಸಲ ಹೇಳಿದನೋ. ನಾನು ಹೂಂಗುಡುತ್ತಿದ್ದೆ.

ಮಾವನೂ ಇಲ್ಲವೆನ್ನಲಿಲ್ಲ. ಯಾರಾದರೂ ಕೇಳಿದರೆ, "ಹೌದ್ರಿ, ಬಾಯಾಗ ಎಲಿ ಇತ್ತು, ತಪ್ಪಾತು" ಎನ್ನುತ್ತಿದ್ದ. ಅಂದಿನಿಂದ ಎಲೆ, ತಂಬಾಕು ಬಿಟ್ಟ. ಇಪ್ಪತ್ತು ವರ್ಷದ ಚಟವನ್ನು ಒಂದೇ ದಿನ ಬಿಟ್ಟ. ಮನೆಯವರು ಒಳ್ಳೆಯದೇ ಆಯಿತು ಎಂದು ಹೊಗಳಿದರು. ರಾಣೇಬೆನ್ನೂರಿನ ಹುಡುಗರು ಅವನಿಗೆ 'ಬ್ಯಾಡ ಮಾಸ್ತರ' ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ಹತ್ತು ವರ್ಷ ಡ್ರಿಲ್ ಮಾಡಿಸಿದ.

ತೊಂಬತ್ತರ ದಶಕದ ನಡುವೆ ಮಾವ ನಿವೃತ್ತನಾದ. ಶಾಲೆಯವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹಾವೇರಿಯಿಂದ ಹೋಗುವ ಅಳಿಯ ಏಲಕ್ಕಿ ಹಾರವಿಲ್ಲದೆ ಹೋಗುವುದುಂಟೇ? ನಾನು ಕ್ಯಾಪ್ಟನ್ ಮನೆಗೆ ಹೋಗಿ ಹೇಳಿದೆ. ಅವನು ಪೋಣಿಸುವ ಕೈ ನಿಲ್ಲಿಸದೆ ಹೇಳಿದ, "ಬ್ಯಾರೆ ಮನ್ಯಾಗ ಕಟ್ಟಿಸ್ಕೋ. ಅವನ ಕೊಳ್ಳಿಗೆ ನನ್ನ ಕೈಯಿಂದ ಹಾರಾ ಆಗೂದಿಲ್ಲ."

ಏನೋ ಹೇಳಿ ಎದ್ದು ಬರಬಹುದಿತ್ತು. ಬೇರೆ ಮನೆಗಳಿದ್ದವು. ಆದರೆ ಅವನ ಮುಖ ನೋಡಿ ನನಗೆ ನನ್ನ ಮೇಲೆಯೇ ರೋಸಿಹೋಯಿತು. ಹತ್ತು ವರ್ಷ ಒಬ್ಬ ಮುದುಕನ ಬೆನ್ನ ಹಿಂದೆ ಅಡಗಿ ನಿಂತಿದ್ದೆ.

"ಲೈನ್ ಕಟ್ ಆಗಿದ್ದಿಲ್ಲ" ಎಂದೆ. "ಮಾಮಾನ ಬಾಯಾಗ ಎಲಿನೂ ಇದ್ದಿದ್ದಿಲ್ಲ. 'ಬ್ಯಾಡ' ಅಂದದ್ದು ಕೇಳಿತು, ಅದರ ಹಿಂದ 'ಗ' ಅಂತ ಏನೋ ಬಂತು. ನಾ ಪೂರ್ತಿ ಕೇಳಲಿಲ್ಲ. ಸುದ್ದಿ ಚೊಲೋ ಐತಿ ಅಂತ ನಾನ ಫೋನ್ ಇಟ್ಟು ಓಡಿ ಬಂದೆ."

ಅವನ ಕೈ ನಿಂತಿತು. ಒಳಗೆ ಅವನ ತಾಯಿ ಕೆಮ್ಮಿದ್ದು ಕೇಳಿಸಿತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹಾಗಾಗಿದ್ದರೆ ಒಳ್ಳೆಯದಿತ್ತು.

"ಹದಿನೈದು ನಿಮಿಷ ಇತ್ತು" ಎಂದ. ಅಷ್ಟೇ. ಮತ್ತೆ ಸೂಜಿ ಎತ್ತಿಕೊಂಡ.

ಬೀಳ್ಕೊಡುಗೆಯ ದಿನ ಬಸ್ ಸ್ಟ್ಯಾಂಡಿಗೆ ಹೋದರೆ ಕ್ಯಾಪ್ಟನ್ ಕೈಚೀಲ ಹಿಡಿದು ನನಗಿಂತ ಮೊದಲೇ ನಿಂತಿದ್ದ. ರಾಣೇಬೆನ್ನೂರಿನವರೆಗೆ ಒಂದೇ ಸೀಟಿನಲ್ಲಿ ಕುಳಿತೆವು. ಅವನು ಕಿಟಕಿಯ ಹೊರಗೆ ನೋಡಿದ, ನಾನು ಮುಂದಿನ ಸೀಟಿನ ಸರಳು ನೋಡಿದೆ. ಸಭೆಯಲ್ಲಿ ಅವನೇ ವೇದಿಕೆ ಹತ್ತಿ ಚೀಲದಿಂದ ಹಾರ ತೆಗೆದ. ಏಳು ಎಳೆಯ ಹಾರ, ದೊಡ್ಡ ದೊಡ್ಡವರಿಗೆ ಕಟ್ಟುವಂಥದ್ದು. ಮಾವನ ಕೊರಳಿಗೆ ಹಾಕಿ, ಬಗ್ಗಿ ಅವನ ಕೈ ಹಿಡಿದುಕೊಂಡು ಏನೋ ಹೇಳಿದ. ಮಾವ ಅವನ ಹೆಗಲ ಮೇಲಿನಿಂದ ಕೆಳಗೆ ಕುಳಿತ ನನ್ನನ್ನು ನೋಡಿದ.

ಸಭೆ ಮುಗಿದ ಮೇಲೆ ಮಾವ ನನ್ನನ್ನು ಹೆಡ್‌ಮಾಸ್ತರರ ಕೋಣೆಗೆ ಕರೆದುಕೊಂಡು ಹೋದ. ಅದೇ ಕೋಣೆ, ಬೇರೆ ಫೋನು.

"ಯಾಕ ಹೇಳಿದಿ?" ಎಂದ.

"ನಿನಗ ಗೊತ್ತಿತ್ತಾ?"

"ಗೊತ್ತಿರದ ಏನು. ನಾ ಬ್ಯಾಡಗಿ ಅಂದೆ. ನೀ 'ಹೂಂ, ಬ್ಯಾಡ' ಅಂದಿ. 'ಅಲ್ಲೋ' ಅನ್ನೂದ್ರಾಗ ನೀ ಫೋನ್ ಇಟ್ಟಬಿಟ್ಟಿ. ಆಟಾ ಮುಗಿಯೂತನಾ ಮತ್ತ ಲೈನ್ ಸಿಗಲಿಲ್ಲ ನನಗ." ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟ. "ನನಗ ಆಗಲೇ ನಲವತ್ತೆಂಟು ಆಗಿತ್ತು. ನೀ ಆ ಊರಾಗ ಇನ್ನೂ ಬಾಳುವಿ ಮಾಡಬೇಕಿತ್ತು. ಹತ್ತು ವರ್ಷ ಹೊತ್ತೇನಿ. ಇನ್ನಷ್ಟು ಹೊರತಿದ್ದೆ."

ನನಗೆ ಅಳು ಬಂತು. ಅತ್ತೆ. ಮಾವ ಜೇಬಿನಲ್ಲಿ ಎಲೆಯ ಚಂಚಿ ಹುಡುಕುವವನಂತೆ ಕೈ ಹಾಕಿ, ಅದು ಇಲ್ಲವೆಂದು ನೆನಪಾಗಿ, ಕೈ ಹೊರಗೆ ತೆಗೆದ.

ಹೊರಗೆ ಗೇಟಿನ ಬಳಿ ಚಹಾದ ಗಾಡಿಯಲ್ಲಿ ಕ್ಯಾಪ್ಟನ್ ನಿಂತಿದ್ದ. ನನ್ನನ್ನು ನೋಡಿ ಎರಡು ಬೆರಳು ಎತ್ತಿದ, ಗಾಡಿಯವನು ಎರಡು ಗ್ಲಾಸ್ ಕೊಟ್ಟ. ಕುಡಿದೆವು. ನಾನು ಖಾಲಿ ಗ್ಲಾಸ್ ಇಟ್ಟಾಗ ಗಾಡಿಯವನು ಕೇಳಿದ, "ಇನ್ನೊಂದು ಕೊಡ್ಲೇನ್ರಿ?"

"ಬ್ಯಾಡ" ಎಂದೆ.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. ನನ್ನ ಬಾಯಿಯನ್ನೇ ನೋಡುತ್ತಾ ನಿಂತ. ಬೆಳಗಿನಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು ಇದು.

"ಅಷ್ಟೇನಾ? ಮುಂದ ಇನ್ನೇನರ ಐತೇನು?"

"ಅಷ್ಟೇ" ಎಂದೆ.

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಗಾಡಿಯವನಿಗೆ ಹೇಳಿದ, "ಇವಗ ಬ್ಯಾಡಂತ. ಪೂರ್ತಿ ಕೇಳೇನಿ."